ಜೇಡ ತೆರೆದ ಸೊಳ್ಳೆ ನಿರ್ಮೂಲನ ಕೇಂದ್ರ

ದೇವರ ಗೂಡಿನ ಮೇಲೆ ಬಲೆ ನೇಯ್ದ ಜೇಡ, "ಇಂದಿನಿಂದ ಈ ಮನೆಯ ಸೊಳ್ಳೆ ಹಿಡಿಯುವ ಕೆಲಸ ನನ್ನದು" ಎಂದು ಸಾರಿತು. ಹಿಡಿದ ಸೊಳ್ಳೆಗಳನ್ನು ತಿನ್ನದೆ, ಎಲ್ಲರಿಗೂ ಕಾಣುವಂತೆ ಬಲೆಯಲ್ಲೇ ನೇತುಹಾಕಿತು.

"ತಿಂದು ಬಾಯೊರೆಸಿಕೋ. ನಾಳೆ ಹಬ್ಬ, ಇವತ್ತು ಪೊರಕೆ ಬರುತ್ತದೆ," ಎಂದಿತು ಗೋಡೆಯ ಹಲ್ಲಿ.

"ಮಾಡಿದ ಕೆಲಸ ಮನೆಯೊಡತಿ ಅಂಬಕ್ಕನಿಗೆ ಕಾಣಬೇಡವೇ?"

ಅಷ್ಟರಲ್ಲಿ ಕೋಲಿಗೆ ಕಟ್ಟಿದ ಪೊರಕೆ ಮೇಲೆದ್ದಿತು. ಹಲ್ಲಿ ಫೋಟೋದ ಹಿಂದೆ ಸರಿಯಿತು. ಜೇಡ ಅಲುಗಲಿಲ್ಲ. "ಅಮ್ಮಾ, ನೋಡಿ, ನಲವತ್ತು ಸೊಳ್ಳೆ!" ಎಂದು ಕೂಗಿತು.

"ಥೂ, ಎಷ್ಟು ಕಸ!" ಎಂದು ಅಂಬಕ್ಕ ಒಂದೇ ಏಟಿಗೆ ಬಲೆ, ಸೊಳ್ಳೆ, ಜೇಡ ಎಲ್ಲವನ್ನೂ ಗುಡಿಸಿಹಾಕಿದಳು.

ಸಂಜೆ ದೀಪ ಹಚ್ಚುವಾಗ ತೋಳಿನ ಮೇಲೆ ಕೂತ ಸೊಳ್ಳೆ ಹೊಡೆಯುತ್ತ, "ಈ ಮನೆಯಲ್ಲಿ ಇವನ್ನು ಹಿಡಿಯುವವರು ಯಾರೂ ಇಲ್ಲ" ಎಂದಳು.

ಫೋಟೋದ ಹಿಂದೆ ಹಲ್ಲಿ ಲೊಚಗುಟ್ಟಿತು.

"ಹಲ್ಲಿ ನುಡಿಯಿತು, ಸತ್ಯವೇ ಸರಿ," ಎಂದಳು ಅಂಬಕ್ಕ.