ಅಡಿವೆಪ್ಪನ ಸೈಕಲ್ ಚಡ್ಡಿ

ಕೇಳ್ರೆಪಾ ಕೇಳ್ರಿ. ಗುಡ್ಡದ ಬುಡಕ್ಕ ದ್ಯಾಮವ್ವ ಅಂತ ಒಬ್ಬಾಕಿ ಇದ್ದಳು. ಖಾನಾವಳಿಗೆ ರೊಟ್ಟಿ ಬಡಿದು ಬಡಿದು ಅಂಗೈ ದಡ್ಡುಗಟ್ಟಿದಾಕಿ. ಆಕಿಗೊಬ್ಬ ಮಗ, ಅಡಿವೆಪ್ಪ. ಕಾಲು ಕಬ್ಬಿಣ, ತಲಿ ಕುಂಬಳಕಾಯಿ! ಏರಿರಲಿ, ಕಲ್ಲಿರಲಿ, ಸೈಕಲ್ ಹತ್ತಿದ ಅಂದ್ರ ಗಾಳಿ. ಇಳಿದ ಅಂದ್ರ ಪೆದ್ದ. ಹೇಳಿದ್ದನ್ನ ಹೇಳಿದಂಗ ಮಾಡಾಂವ, ಒಂದು ಕೂದಲೆಳಿ ಹೆಚ್ಚಿಲ್ಲ, ಕಡಿಮಿ ಇಲ್ಲ.

ಸೈಕಲ್ ಕಲಿಸೋ ಹಾದಿಮನಿ ಮಾಸ್ತರು ಒಂದು ದಿನ ಬಂದು ಅಂದರು: "ದ್ಯಾಮವ್ವಾ, ಗುಡ್ಡದ ಸೈಕಲ್ ರೇಸ್ ಬಂದೈತಿ. ಗೆದ್ದಾಂವಗ ನಮ್ಮ ಹಾಸ್ಟೆಲಿನಾಗ ಕಾಯಂ ಊಟ, ಹಾಸಿಗಿ. ಸೈಕಲ್ ನಾ ಕೊಡತೀನಿ. ಚಡ್ಡಿ ಮಾತ್ರ ನೀವು ತರ್ರಿ."

ದ್ಯಾಮವ್ವಗ ಎದಿಬ್ಯಾನಿ. ತಾನು ಹೋದ ಮ್ಯಾಲ ಇವಗ ತುತ್ತು ಹಾಕೋರು ಯಾರು ಅನ್ನೋದೊಂದೇ ಚಿಂತಿ. ಮಗನ್ನ ಪ್ಯಾಟಿಗೆ ಕಳಿಸಿದಳು.

"ಜೋತಾಡೋ ಚಡ್ಡಿ ಚೈನಿಗೆ ಸಿಗತೈತಿ. ಬಿಗಿ ಇರೋದು ತಾ!"

"ಹೂಂ ಅವ್ವಾ, ಬಿಗಿ ಇರೋದು!"

ಅಂಗಡ್ಯಾಗ ಎಲ್ಲಕ್ಕಿಂತ ಬಿಗಿ ಚಡ್ಡಿ ಬೇಡಿದ. ಕೂಸಿನ ಚಡ್ಡಿ ಸಿಕ್ಕಿತು. ಅದನ್ನ ಪ್ಯಾಂಟಿನ ಮ್ಯಾಲ ಮೊಣಕಾಲ ತನಕ ಏರಿಸಿಕೊಂಡು, ಕಾಲು ಕಟ್ಟಿದ ಕತ್ತಿ ಹಂಗ ಕುಪ್ಪಳಿಸಿಕೋತ ಮನಿಗೆ ಬಂದ.

"ಅಯ್ಯ ನಿನ್ನ! ಹಾಕ್ಕೊಂಡು, ಕುಂತು ಎದ್ದು ನೋಡಬೇಕೋ ಮಂಗ್ಯಾ! ಹೋಗು, ಬದಲಿ ಮಾಡಿಸಿಕೊಂಡು ಬಾ!"

"ಹೂಂ ಅವ್ವಾ, ಕುಂತು ಎದ್ದು ನೋಡತೀನಿ!"

ದೊಡ್ಡ ಚಡ್ಡಿ ಹಾಕ್ಕೊಂಡ. ಕುಂತ, ಎದ್ದ. ಕುಂತ, ಎದ್ದ. ಸಾಕು ಅಂತ ಅವ್ವ ಹೇಳಿರಲಿಲ್ಲಲ್ಲ! ಗಿರಾಕಿಗಳು ಹೊಟ್ಟಿ ಹಿಡಕೊಂಡು ನಕ್ಕರು. ಬಾಗಿಲು ಹಾಕೋ ಹೊತ್ತಿಗೆ ಅಂಗಡಿಯಾಂವ ಚಡ್ಡಿ ಕಸಗೊಂಡು, ರೊಕ್ಕ ತಿರುಗಿ ಕೊಟ್ಟು, ಹೊರಗ ದಬ್ಬಿದ.

"ಥೂ ನನ್ನ ಹಣೆಬರಹ! ದಿನ ಪೂರಾ ಕುಂತು ಏಳೋದ್ಯಾಕೋ? ಕೂಡೋ ಜಾಗಕ್ಕ ಗಾದಿ ಇದ್ರ ಸಾಕಿತ್ತು! ಗಾದಿ ನೋಡಿ ತಗೋಬೇಕು!"

"ಹೂಂ ಅವ್ವಾ, ಗಾದಿ ನೋಡಿ ತಗೋತೀನಿ!"

ಮರುದಿನ ತಲಿ ಮ್ಯಾಲ ಹತ್ತಿ ಗಾದಿ ಹೊತ್ತುಕೊಂಡು ಬಂದ! ಓಣಿಗೆ ಓಣಿನೇ ಹೊರಗ ಬಂತು. ಎದುರುಮನಿ ಬಸಲಿಂಗವ್ವ ಅಂದಳು: "ಯಕ್ಕಾ, ಚಡ್ಡಿ ತರಾಕ ಹೋದಾಂವ ಹಾಸಿಗಿ ತಂದ. ಹೆಣ್ತಿ ತಾ ಅಂದ್ರ ತೊಟ್ಟಿಲಾ ತಂದಾನು!"

ದ್ಯಾಮವ್ವ ಸೆರಗು ಸಿಕ್ಕಿಸಿದಳು. ಗಾದಿ ತಾನೇ ಹೊತ್ತಳು. ಉರಿಬಿಸಲಾಗ ಎದಿ ಹಿಡಕೋತ, ಅಲ್ಲಲ್ಲಿ ಕುಂಡರಕೋತ, ಪ್ಯಾಟಿಗೆ ಹೋಗಿ, ಗಾದಿ ಅಂಗಡಿಯಾಂವನ ಕೈಕಾಲು ಹಿಡಿದು ರೊಕ್ಕ ತಿರುಗಿ ಇಸಕೊಂಡು, ಬಿಗಿ ಇದ್ದದ್ದು, ಒಳಗ ಮೆತ್ತಿ ಇದ್ದದ್ದು, ಖರೇ ಸೈಕಲ್ ಚಡ್ಡಿ ತಂದಳು.

"ನೋಡೋ, ಇದು ಚಡ್ಡಿ ಅಲ್ಲ, ನನ್ನ ಜೀವ! ಒಂದು ಹನಿ ಕೆಸರು ತಾಗಿಸೀದಿ ಅಂದ್ರ ನೋಡು ಮತ್ತ!"

"ಹೂಂ ಅವ್ವಾ, ಒಂದು ಹನಿನೂ ತಾಗಿಸಂಗಿಲ್ಲ!"

ರೇಸ್ ದಿನ ಬಂತು. ಗುಡ್ಡ ಹತ್ತಿ ಇಳಿದು, ಹಳ್ಳ ದಾಟಿದ್ರ ಮುಗೀತು. ದ್ಯಾಮವ್ವ ಹಳ್ಳದ ಆಚಿ ದಂಡಿಗೆ ಮಾಸ್ತರ ಬಾಜೂಕ ನಿಂತಿದ್ದಳು. ಗುಡ್ಡದಿಂದ ಧೂಳೆದ್ದಿತು. ಯಾರದು? ಅಡಿವೆಪ್ಪ! ಒಬ್ಬನೇ! ಹಿಂದ ಕಣ್ಣು ಹಾಯೋ ತನಕ ಯಾರೂ ಇಲ್ಲ!

ಹಳ್ಳದ ತನಕ ಬಂದ. ಕೆಸರು ನೋಡಿದ. ಬ್ರೇಕ್ ಹಾಕಿದ.

"ದಾಟೋ!" ಮಾಸ್ತರು ಚೀರಿದರು.

"ದಾಟೋ ನನ್ನಪ್ಪಾ!" ದ್ಯಾಮವ್ವ ಚೀರಿದಳು.

"ಕೆಸರೈತಿ ಅವ್ವಾ!"

ಸೈಕಲ್ ಮಲಗಿಸಿದ. ಚಡ್ಡಿ ಬಿಚ್ಚಿದ. ಬರೀ ಅಂಗಿಯಾಗ ನಿಂತು, ಚಡ್ಡಿ ಕಲ್ಲಿನ ಮ್ಯಾಲ ಹಾಸಿ, ಸುಕ್ಕು ತೀಡಿ ತೀಡಿ ಮಡಚಿದ. ಅಷ್ಟರಾಗ ಉಳಿದವರು ಬಂದರು, ಕೆಸರು ಹಾರಿಸಿಕೋತ ದಾಟಿ ಹೋದರು. ಅಡಿವೆಪ್ಪ ಚಡ್ಡಿ ತಲಿ ಮ್ಯಾಲಿಟ್ಟುಕೊಂಡು, ಸೈಕಲ್ ಅಲ್ಲೇ ಬಿಟ್ಟು, ನಡಕೋತ ಬಂದ. ಮಂದಿ ಕೇಕೆ ಹಾಕಿತು. ಮಾಸ್ತರು ಆ ಕಡೆ ಹೊಳ್ಳಿ ಹೋದರು. ಬೈದಿದ್ರ ಚೊಲೋ ಇತ್ತು.

"ನೋಡವ್ವಾ, ಒಂದು ಹನಿನೂ ತಾಗಿಲ್ಲ!" ಮಾರಿ ತುಂಬ ನಗಿ.

ದ್ಯಾಮವ್ವ ಚಡ್ಡಿ ಇಸಕೊಂಡು ಅವನ ಸೊಂಟಕ್ಕ ಒತ್ತಿ ಹಿಡಿದಳು.

"ಮಂದಿ ಮಕ್ಕಳು ಹಡೆದವ್ವನ ಮಾತು ಕೇಳಂಗಿಲ್ಲಂತ ಅಳತಾರ. ನೀ ಕೇಳತೀಯಲ್ಲೋ, ಅದೇ ನನ್ನ ಕರ್ಮ! ಹೋಗು, ಇನ್ನ ನಿನ್ನ ಮಾರಿ ನನಗ ತೋರಿಸಬ್ಯಾಡ!"

"ಹೂಂ ಅವ್ವಾ."

ಸಂಜೀಕ ರೊಟ್ಟಿ ಬಡಿದು ಬಾಗಿಲ ಕಡೆ ನೋಡಿಕೋತ ಕುಂತಳು. ಬಂದ. ಬೆನ್ನು ಮುಂದ ಮಾಡಿಕೊಂಡು ಬಂದ! ಹೊಸ್ತಿಲು ಎಡವಿದ, ಗ್ವಾಡಿಗೆ ಬಡಕೊಂಡ, ಅವ್ವಗ ಬೆನ್ನು ಕೊಟ್ಟು ಕುಂತ. ತಾಟು ಬೆನ್ನ ಹಿಂದ ಹಿಡಿದ.

"ಮಾರಿ ತೋರಿಸಿಲ್ಲವ್ವಾ. ರೊಟ್ಟಿ ಹಾಕು."

ಮಾತಾಡಾಕ ಬಾಯಿ ತೆಗೆದಾಕಿ, ಅದನ್ನೂ ಹೇಳಿದಂಗ ಮಾಡಿಯಾನಂತ ಹೆದರಿ ಮುಚ್ಚಿಕೊಂಡಳು. ಆ ಬೆನ್ನ ಹಿಂದಿನ ತಾಟಿಗೆ ಬಿಸಿರೊಟ್ಟಿ ಹಾಕಿದಳು.