ನೆಡದಕಲ್ಲಿಗೆ ಆ ಹೆಸರು ಬಂದದ್ದು

ನಮ್ಮೂರಿನ ಪಡುವಣ ಹೊಲಗಳ ನಡುವೆ, ಮಲಗಿದ ಕುರಿಯಷ್ಟು ದೊಡ್ಡದಾದ ಒಂದು ಕಪ್ಪು ಕಲ್ಲಿದೆ. ಅದನ್ನು ನೆಡದಕಲ್ಲು ಎನ್ನುತ್ತಾರೆ. ಮಂಗಳ ಮತ್ತು ಗುರುಗ್ರಹಗಳ ನಡುವೆ ಲೆಕ್ಕವಿಲ್ಲದಷ್ಟು ಬಂಡೆಗಳು ಸೂರ್ಯನನ್ನು ಸುತ್ತುತ್ತಿವೆಯಂತೆ. ಗ್ರಹವಾಗಲಾರದೆ ಉಳಿದ ಅವು ಕ್ಷುದ್ರಗ್ರಹಗಳು. ಒಂದಕ್ಕೊಂದು ಡಿಕ್ಕಿ ಹೊಡೆದು ಸಿಡಿದ ಚೂರು ಎಂದಾದರೊಮ್ಮೆ ಭೂಮಿಗೂ ಬೀಳುತ್ತದೆ, ಇದು ಅಂಥದ್ದು ಎಂದು ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆತಂದು ಹೇಳುತ್ತಾರೆ. ಇರಬಹುದು. ಬಿದ್ದದ್ದನ್ನು ಮೇಷ್ಟ್ರೂ ಕಂಡವರಲ್ಲ, ನಾನೂ ಕಂಡವನಲ್ಲ. ಆದರೆ ಇದನ್ನು ಯಾರೂ ನೆಡಲಿಲ್ಲ ಎಂಬುದನ್ನು ನಂಬುತ್ತೇನೆ, ಅದಕ್ಕೆ ಕಾರಣವಿದೆ.

ಹಿಂದೆ ಒಮ್ಮೆ ಇಲ್ಲಿ ಗಂಡ ಸತ್ತ ಹಾಲವ್ವನ ಹೊಲವೂ ಅವಳ ಭಾವ ಕೆಂಚನಗೌಡನ ಹೊಲವೂ ಅಕ್ಕಪಕ್ಕದಲ್ಲಿದ್ದವು. ಒಂದು ಸಂಜೆ ಮೋಡವಿಲ್ಲದ ಆಕಾಶ ಗುಡುಗಿತು. ಬೆಳಗಾದರೆ ಗಡಿಯಾಚೆ, ಕೆಂಚನಗೌಡನ ಜೋಳದ ನಡುವೆ ಈ ಕಲ್ಲು. ಗಡಿ ಒತ್ತಲು ಹಾಲವ್ವ ಕದ್ದು ನೆಟ್ಟಳೆಂದು ಅವನು ಊರು ಸೇರಿಸಿದ. ಗಡಿ ಒತ್ತಿದವರ ಹೊಲ ಕಸಿದು ಊರಾಚೆ ಹಾಕುವುದು ಆಗಿನ ಕಟ್ಟು. ಮೇಲಿನಿಂದ ಬಿದ್ದದ್ದೆಂದು ಅವಳು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ನಮ್ಮಲ್ಲಿ ಗಡಿಕಲ್ಲು ನೆಡುವಾಗ ಹತ್ತು ಜನರೆದುರು ಅದರ ಬುಡಕ್ಕೆ ಇದ್ದಿಲು ಸುರಿಯುತ್ತಾರೆ. ಇದ್ದಿಲು ಕೊಳೆಯುವುದಿಲ್ಲ, ಸಾಕ್ಷಿಯಾಗಿ ಉಳಿಯುತ್ತದೆ. ಕಲ್ಲು ಹೊರಳಿಸಿದರೆ ಅಡಿಯಲ್ಲಿ ಇದ್ದಿಲಿರಲಿಲ್ಲ. “ಇದ್ದಿಲಿಲ್ಲದ್ದು ಕಳ್ಳಗಲ್ಲು, ಇನ್ನೇನು ಬೇಕು” ಎಂದ ಕೆಂಚನಗೌಡ.

ಹಾಲವ್ವನಿಗೆ ಬಹುದಿನದಿಂದ ಒಂದು ಗುಮಾನಿ ಇತ್ತು. ಗಂಡ ಸತ್ತ ಮೇಲೆ ಬಿತ್ತಿದ ಸಾಲುಗಳು ಯಾಕೋ ಕಡಿಮೆಯಾದಂತೆ ಅವಳಿಗೆ ಕಾಣುತ್ತಿತ್ತು. “ಹಂಗಾದ್ರ ಹಳೇ ಗಡಿಕಲ್ಲಿನ ಬುಡಾನೂ ನೋಡ್ರಿ” ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಭಾವ ಅಡ್ಡ ನಿಂತ. ಅವನು ಅಡ್ಡ ನಿಂತದ್ದಕ್ಕೇ ಹಿರಿಯರು ಅಗೆಸಿದರು. ಅಲ್ಲೂ ಇದ್ದಿಲಿರಲಿಲ್ಲ.

“ಇದೂ ಮ್ಯಾಲಿಂದ ಬಿದ್ದದ್ದೇನು, ಭಾವ?” ಎಂದಳಂತೆ ಹಾಲವ್ವ.

ಕೆಂಚನಗೌಡನ ಹೊಲದೊಳಕ್ಕೆ ಅಗೆಯುತ್ತ ಹೋದವರಿಗೆ ಇದ್ದಿಲು, ಅಂದರೆ ನಿಜವಾದ ಗಡಿ, ಸಿಕ್ಕಿದ್ದು ಕಪ್ಪುಕಲ್ಲಿಗಿಂತಲೂ ಆಚೆ. ಆ ಕಲ್ಲು ಬಿದ್ದದ್ದು ಹಾಲವ್ವನ ಹೊಲದಲ್ಲೇ. ಇದ್ದಿಲು ಹುಡುಕುವ ಭರದಲ್ಲಿ ಯಾರೂ ಗಮನಿಸಿರಲಿಲ್ಲ, ಅದರಡಿ ಹಸಿ ಜೋಳದ ದಂಟುಗಳು ಅಪ್ಪಚ್ಚಿಯಾಗಿದ್ದವು. ನೆಡುವವರು ಗುಂಡಿ ತೋಡುತ್ತಾರೆ, ಬೆಳೆಯ ಮೇಲೆ ಹೇರುವುದಿಲ್ಲ. ಅಂದಿನಿಂದ ಅದು ನೆಡದಕಲ್ಲು ಆಯಿತು.

ಇಂದಿಗೂ ನೇಗಿಲು ಅದನ್ನು ಬಳಸಿಕೊಂಡು ಹೋಗುತ್ತದೆ. ಯಾರು ಗಡಿಕಲ್ಲು ನೆಟ್ಟರೂ ಇದ್ದಿಲು ನೋಡಲು ಊರೆಲ್ಲ ಸೇರುತ್ತದೆ, ಎಲ್ಲರಿಗಿಂತ ಮುಂದೆ ನಾನಿರುತ್ತೇನೆ. ಕೆಂಚನಗೌಡ ಸರಿಸಿ ನೆಟ್ಟಿದ್ದ ಗಡಿಕಲ್ಲು ಕಾಲುದಾರಿಯಲ್ಲಿ ಮಗುಚಿ ಬಿದ್ದಿದೆ. ಆಕಾಶದ ಕಲ್ಲು ನೋಡಲು ಬರುವ ಮಕ್ಕಳು ಅದರ ಮೇಲೆ ಕಾಲಿನ ಕೆಸರು ಒರೆಸಿಕೊಂಡು ಹೋಗುತ್ತಾರೆ.