ಯಾವ ಎದೆ, ತಾತ?

ಕಾಲು ಚಾಚ್ಕೊಂಡು ಮಲಗು ಮಗಾ. ನಾನು ಹೇಳ್ತಿರ್ತೀನಿ, ನೀನು ಹೂಂ ಅಂತಿರು. ಹೂಂ ನಿಂತ್ರೆ ಕತೆನೂ ನಿಲ್ತದೆ.

ಒಂದಾನೊಂದು ಕಾಲದಲ್ಲಿ, ಕಾಡಂಚಿನ ಹೊಳೆ ದಂಡೇಲಿ ಒಂದು ಬೇಡರ ಹಟ್ಟಿ ಇತ್ತಂತೆ. ಆ ಹಟ್ಟಿಯವರ ಬಾಯಲ್ಲಿ ಹಕಾರ ಅನ್ನೋದು ನಿಲ್ತಾನೇ ಇರಲಿಲ್ವಂತೆ. ಹಾಲಿಗೆ ಆಲು ಅನ್ನೋರು, ಹಸುಗೆ ಅಸು ಅನ್ನೋರು, ಹೆದೆಗೂ ಎದೆ ಅನ್ನೋರು. ಹೆದೆ ಅಂದ್ರೆ ಬಿಲ್ಲಿಗೆ ಕಟ್ಟೋ ಹುರಿ, ತಿಳೀತಾ? ನಗಬೇಡ, ನಿಮ್ಮ ತಾತನೂ ನನ್ನ ನೋಡೋಕೆ ಬಂದಾಗ ಉಡುಗಿ ಒಪ್ಪಿಗೆ ಅಂದೋರೇ.

ಆ ಹಟ್ಟೀಲಿ ಮರಿನಾಯ್ಕ ಅಂತ ಒಬ್ಬ ಇದ್ನಂತೆ. ಹೆಂಡ್ತಿ ತೀರ್ಕೊಂಡಿದ್ಲು, ಮೂರು ಮಕ್ಕಳು. ದೊಡ್ಡೋನು ಜಡೆಯ, ನಡುವಿನೋನು ಕಾಳಿಂಗ, ಕೊನೆಯವಳು ಚೌಡಿ. ಅವರ ತಾತ ಒಂದು ಕಾಲಕ್ಕೆ ದೊಡ್ಡ ಬಿಲ್ಲುಗಾರ, ಈಗ ಕಣ್ಣಿಗೆ ಪೊರೆ ಬಂದಿತ್ತಂತೆ. ಆಮೇಲೆ ಆ ತಾತ ಮೂವರನ್ನೂ ಹೊಂಗೆ ಮರದ ಮುಂದೆ ನಿಲ್ಲಿಸಿ, ಕೈಗೆ ಬಿಲ್ಲು ಕೊಟ್ಟು, ಒಂದೇ ಒಂದು ಪಾಠ ಹೇಳಿದ್ನಂತೆ. ಎದೆ ಬಿಗಿ ಮಾಡು, ಎದೆ ಸಡ್ಲ ಮಾಡು, ಬಾಣ ಬುಡು. ಅಷ್ಟೇ.

ಜಡೆಯ ಎರಡೂ ಬಿಲ್ಲಿನ ಹೆದೆನೇ ಅಂದ್ಕೊಂಡ. ಹುರೀನ ಕಿವಿವರೆಗೂ ಎಳೆದು, ಬಿಡೋ ಹೊತ್ತಿಗೆ ಸಡಿಲ ಮಾಡಿಬಿಡೋನು, ಬಾಣ ಕುಂಟ್ಕೊಂಡು ಹೋಗಿ ಮುಂದೇನೇ ಬೀಳೋದಂತೆ. ಕಾಳಿಂಗ ಎರಡೂ ಮೈಮೇಲಿನ ಎದೆನೇ ಅಂದ್ಕೊಂಡ. ಹುಂಜದ ಹಾಗೆ ಎದೆ ಉಬ್ಬಿಸೋನು, ಆಮೇಲೆ ಬುಸ್ ಅಂತ ಉಸಿರು ಬಿಡೋನು, ಆ ಬುಸ್ಸಿಗೆ ಕೈ ಅಲ್ಲಾಡಿ ಬಾಣ ಕಾಗೆಗಳ ಕಡೆ ಹೋಗೋದಂತೆ. ಚೌಡಿ ಒಂದಿನ ಹಂಗೆ ಮಾಡಿ, ಒಂದಿನ ಹಿಂಗೆ ಮಾಡಿ, ಸಾಕಾಗಿ ಹೋಗಿ ಕೇಳೇಬಿಟ್ಲಂತೆ, ತಾತೋ, ಯಾವ ಎದೆ ಬಿಗೀಬೇಕು, ಯಾವ ಎದೆ ಸಡ್ಲ ಬುಡಬೇಕು?

ಅಣ್ಣಂದಿರು ಬಿದ್ದು ಬಿದ್ದು ನಕ್ಕರಂತೆ, ಅಷ್ಟೂ ಗೊತ್ತಿಲ್ವಾ ಪೆದ್ದಿ ಅಂತ. ಅವರಿಗೇನು ಗೊತ್ತಿತ್ತು, ಮಣ್ಣು! ತಾತ ಮಾತ್ರ ನಗಲಿಲ್ಲ. ಅವಳ ಬಿಲ್ಲಿನ ಹುರಿ ಮೀಟಿ, ಇದು ಬಿಗಿ ಇರ್ಲಿ ಅಂದ. ತನ್ನ ಎದೆ ಮುಟ್ಕೊಂಡು, ಇದು ಸಡ್ಲ ಇರ್ಲಿ, ಭಯ ಆದ್ರೆ ಇದು ಬಿಗೀತದೆ, ಇದು ಬಿಗಿದ್ರೆ ಕೈ ನಡುಗ್ತದೆ ಕಣವ್ವ ಅಂದ.

ಆಮೇಲೆ ಚೌಡಿ ದಿನಾ ಬಾಣ ಬಿಟ್ಟು ಬಿಟ್ಟು, ಮಳೆಗಾಲ ಬರೋ ಹೊತ್ತಿಗೆ ಎಲೆ ಅಂದ್ರೆ ಎಲೆ, ಕಾಯಿ ಅಂದ್ರೆ ಕಾಯಿ ಉದುರಿಸೋ ಹಾಗಾದ್ಲಂತೆ. ಅಪ್ಪ ಮರಿನಾಯ್ಕ ಒಂದು ಕಲ್ಲಿಗೆ ಒರಗಿ ಕೂತು, ಎಲೆ ಅಡಿಕೆ ಜಗೀತಾ ನೋಡ್ತಿದ್ನಂತೆ. ಶಹಬ್ಬಾಸ್ ಅನ್ನಲಿಲ್ಲ, ಸುಮ್ನೆ ಜಗಿಯೋದು.

ಹೂಂ ಅಂತೀಯಾ? ಸರಿ.

ಒಂದಿನ ಮರಿನಾಯ್ಕ ತಪ್ಪಿಸ್ಕೊಂಡ ಮೇಕೆ ಹುಡುಕ್ಕೊಂಡು ಹೊಳೆ ನಡುವಿನ ದಿಬ್ಬಕ್ಕೆ ಹೋದ್ನಂತೆ. ಅಷ್ಟರಲ್ಲಿ ಬೆಟ್ಟದ ಮೇಲೆ ಮಳೆ ಹುಯ್ದು, ಹೊಳೆ ದಡ ಮುಟ್ಟಿ ಬಂತಂತೆ. ದಿಬ್ಬದ ಮೇಲೆ ಇರೋದೇ ಒಂದು ಮತ್ತಿಮರ, ಅಲ್ಲಿ ಅಪ್ಪ, ಅವನ ಕಂಕುಳಲ್ಲಿ ಮೇಕೆ, ನೀರು ಏರ್ತಾನೇ ಇದೆ. ಈಜೋ ಹಾಗಿಲ್ಲ, ತೆಪ್ಪ ಹಾಕೋ ಹಾಗಿಲ್ಲ. ಆಮೇಲೆ ದಂಡೆಗೆ ಓಡಿ ಬಂದ ಮಕ್ಕಳಿಗೆ ತಾತ ಹೇಳಿದ್ನಂತೆ, ಬಾಣಕ್ಕೆ ನೂಲು ಕಟ್ಟಿ ಆ ಮರಕ್ಕೆ ನೆಡಿ, ನೂಲಿನ ಇಂದೆ ಅಗ್ಗ ಕಟ್ಟಿದ್ರೆ ಅವನು ಎಳ್ಕೊಂಡು, ಮರಕ್ಕೆ ಬಿಗಿದು, ಅಗ್ಗ ಇಡ್ಕೊಂಡು ಬರ್ತಾನೆ ಅಂತ.

ಜಡೆಯ ಬಿಟ್ಟ. ಬಿಡೋ ಹೊತ್ತಿಗೆ ಹುರಿ ಸಡಿಲ, ಬಾಣ ನೀರಿಗೆ. ಕಾಳಿಂಗ ಬಿಟ್ಟ. ಬುಸ್ ಅಂದ, ಬಾಣ ಮರ ದಾಟಿ ಹೋಗಿ ನೂಲು ಕಿತ್ಕೊಳ್ತು. ಇನ್ನೊಂದೇ ಬಾಣಕ್ಕಾಗೋ ನೂಲು ಉಳಿದಿತ್ತಂತೆ. ಅಲ್ಲೀವರೆಗೂ ಅಪ್ಪ ಮರದ ಹಿಂದೆ ಮರೆಯಾಗಿದ್ದ, ಈಗ ಅಲ್ಲೂ ನೀರು ಬಂದು, ಸ್ವಲ್ಪ ಎತ್ತರ ಇದ್ದ ಮರದ ಮುಂದೇನೇ ಬಂದು ಕೂರೋ ಹಾಗಾಯ್ತು.

ಚೌಡಿ ಬಿಲ್ಲು ಎತ್ತಿದ್ಲು. ಹುರಿ ಬಿಗಿಯಾಯ್ತು, ಎದೆನೂ ಬಿಗಿಯಾಯ್ತು. ಗೇಣು ತಪ್ಪಿದ್ರೆ ಬಾಣ ಅಪ್ಪನಿಗೇ. ಅವಳ ಕಣ್ಣಿಗೆ ಮರ ಕಾಣ್ತಿಲ್ಲ, ಅಪ್ಪನ ಮುಖಾನೇ ಕಾಣ್ತದೆ. ಬಿಲ್ಲು ಇಳಿಸಿಬಿಟ್ಲಂತೆ, ಪಾಪ.

ಹೊಳೆ ಸದ್ದಿಗೆ ಅಪ್ಪ ಕೂಗಿದ್ರೂ ಕೇಳಲ್ಲ. ಅವನೇನು ಮಾಡಿದ ಗೊತ್ತಾ? ಸೊಂಟದ ಚೀಲ ಬಿಚ್ಚಿ, ಎಲೆ ತೆಗೆದು, ಸುಣ್ಣ ಹಚ್ಚಿ, ಬಾಯಿಗೆ ಹಾಕ್ಕೊಂಡು, ಮರಕ್ಕೆ ಒರಗಿ ಜಗೀತಾ ಕೂತ್ನಂತೆ. ದಿನಾ ಅವಳನ್ನ ನೋಡ್ತಾ ಕೂರ್ತಿದ್ನಲ್ಲ, ಹಾಗೇ.

ಚೌಡಿಗೆ ನಗು ಬಂತು, ಅಳುನೂ ಬಂತು, ಎದೆ ತಾನಾಗೇ ಸಡಿಲ ಆಯ್ತಂತೆ. ಆಮೇಲೆ ಬಾಣ ಬಿಟ್ಲು. ಟಪ್ ಅಂತ ಅಪ್ಪನ ತಲೆಗಿಂತ ಗೇಣು ಮೇಲೆ, ಮರದ ನಟ್ಟನಡುವೆ ನೆಟ್ಕೊಳ್ತು.

ಆಮೇಲೆ ನೂಲಿನ ಹಿಂದೆ ಹಗ್ಗ ಹೋಯ್ತು, ಹಗ್ಗ ಹಿಡ್ಕೊಂಡು ಅಪ್ಪ ಬಂದ, ಅಪ್ಪನ ಬೆನ್ನಿಗೆ ಕಟ್ಟಿದ್ದ ಮೇಕೆನೂ ಬಂತು. ಬಂದವನೇ ಮಗಳನ್ನ ತಬ್ಕೊಂಡ, ಬಿಡ್ತಾನೇ ಇಲ್ಲ. ಅಪ್ಪಾ, ಎದೆ ಸಡ್ಲ ಬುಡಪ್ಪಾ, ಉಸುರು ಕಟ್ತದೆ ಅಂದ್ಲಂತೆ ಚೌಡಿ. ದಂಡೇಲಿ ಕೂತಿದ್ದ ತಾತ ಕಣ್ಣೊರೆಸ್ಕೊಂಡು ಕೇಳಿದ್ನಂತೆ, ಯಾವ ಎದೆ ಕಣವ್ವ?

ಅವತ್ತಿಂದ ಅಣ್ಣಂದಿರು ನಾಚಿಕೆ ಬಿಟ್ಟು ತಂಗಿ ಹತ್ರಾನೇ ಕಲಿತರಂತೆ, ಮೇಕೆ ಎರಡು ಮರಿ ಹಾಕ್ತಂತೆ, ಎಲ್ಲರೂ ತಣ್ಣಗೆ ಇದ್ರಂತೆ. ಬಾಣ ಬತ್ತಳಿಕೆಗೆ, ಮೇಕೆ ಕೊಟ್ಟಿಗೆಗೆ, ಕತೆ ಮುಗೀತು.

ಅಯ್ಯೋ, ಹೂಂ ಯಾವಾಗಲೋ ನಿಂತಿದೆಯಲ್ಲೋ.